ಅಕ್ವಾಪೋನಿಕ್ಸ್: ಯಾದಗಿರಿ ಸೀಮೆಯ ಹಿನ್ನೆಲೆಯಲ್ಲಿ

ಅಕ್ವಾಪೋನಿಕ್ಸ್ ಎಂದರೆ ಮೀನು ಸಾಕುವ ತೊಟ್ಟಿಯ ನೀರಿನಲ್ಲೇ ಮಣ್ಣಿಲ್ಲದೆ ತರಕಾರಿ ಬೆಳೆದು, ಆ ನೀರನ್ನು ಮತ್ತೆ ತೊಟ್ಟಿಗೆ ಹರಿಸುವ ಪದ್ಧತಿ. ಮೀನು ಹೊರಬಿಡುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೀನಿಗೆ ವಿಷವಾಗುವ ವಸ್ತು ಹೀಗೆ ಗಿಡಕ್ಕೆ ಗೊಬ್ಬರವಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ನೀರು, ಮೀನು, ಬೆಳೆಗಳ ನಂಟು ಕೆರೆಯಿಂದ ಶುರುವಾಗುತ್ತದೆ. ಸುರಪುರ ನಾಯಕರ ಕಾಲದ ಬೋನಾಳ ಕೆರೆಯನ್ನು, 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದ. ಬೇಸಿಗೆಯಲ್ಲಿ ಕೆರೆ ಇಳಿದಾಗ ಗೋಡು ತೆಗೆದು ಹೊಲಕ್ಕೆ ಹಾಕುವುದು ಕರ್ನಾಟಕದ ರೈತರ ಹಳೆಯ ರೂಢಿ. ಕೆರೆಯ ಜೀವರಾಶಿಯ ಸಾರವೆಲ್ಲ ಆ ಗೋಡಿನಲ್ಲಿರುತ್ತದೆ.

1957ರಲ್ಲಿ ಒಡಿಶಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚುಮದ್ದಿನಿಂದ ಗೆಂಡೆ ಮೀನುಗಳ ಸಂತಾನೋತ್ಪತ್ತಿ ಮಾಡಿಸಿದರು. ಕಾಟ್ಲಾ, ರೋಹು, ಮೃಗಾಲ್ ಮರಿಗಳಿಗೆ ನದಿಯನ್ನೇ ನೆಚ್ಚಬೇಕಾದ ಸ್ಥಿತಿ ಕ್ರಮೇಣ ತಪ್ಪಿತು. ಇತ್ತ ಈ ಸೀಮೆಯ ನೀರಿನ ಸ್ಥಿತಿಯೂ ಬದಲಾಯಿತು: 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆಭೂಮಿಗೆ ನೀರು ತಂದಿತು. ಕಾಲುವೆ ತಲುಪದ ಒಣಭೂಮಿಯ ರೈತರಿಗೆ 2014ರ ಕೃಷಿ ಭಾಗ್ಯ ಯೋಜನೆ ಕೃಷಿಹೊಂಡಗಳನ್ನು ಕೊಟ್ಟಿತು.

ಮೀನು ಮತ್ತು ಬೆಳೆಯನ್ನು ಒಂದೇ ನೀರಿನ ಚಕ್ರಕ್ಕೆ ಕಟ್ಟಿದ್ದು ಇತ್ತೀಚಿನ ಸಂಶೋಧನೆ. ಚೀನಾದಲ್ಲಿ ಭತ್ತದ ಗದ್ದೆಯಲ್ಲಿ ಮೀನು ಸಾಕುವುದು ಪ್ರಾಚೀನ ಪದ್ಧತಿಯಾದರೂ, ತೊಟ್ಟಿಯ ನೀರನ್ನು ಗಿಡಗಳಿಗೆ ಹಾಯಿಸಿ ಮತ್ತೆ ತೊಟ್ಟಿಗೆ ತರುವ ಕ್ರಮ ಹೊಸದು. 1980ರ ದಶಕದಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮಾರ್ಕ್ ಮೆಕ್‌ಮರ್ಟ್ರಿ ಮರಳಿನ ಮಡಿಗಳಲ್ಲಿ, ವರ್ಜಿನ್ ದ್ವೀಪಗಳಲ್ಲಿ ಜೇಮ್ಸ್ ರಾಕೋಸಿ ತಿಲಾಪಿಯಾ ಅಂದರೆ ಜಿಲೇಬಿ ಮೀನಿನ ತೊಟ್ಟಿಗೆ ಜೋಡಿಸಿದ ತೇಲುವ ಹಲಗೆಗಳಲ್ಲಿ ಪ್ರಯೋಗ ನಡೆಸಿದರು.

ಕಲಿಯುವವರಿಗೆ ಮೊದಲ ಪಾಠ ತಾಳ್ಮೆ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಕಡಿಮೆ, ಮೇವು ಮಿತವಾಗಿರಬೇಕು. ನೀರಿನ ಪಿಎಚ್ 7ರ ಆಸುಪಾಸಿನಲ್ಲಿದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ ಒಗ್ಗುತ್ತದೆ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಆದ್ದರಿಂದ ತೊಟ್ಟಿಗೆ ನೆರಳುಬಲೆ, ಕರೆಂಟು ಹೋದಾಗ ಪಂಪು ನಡೆಸಲು ಬ್ಯಾಟರಿ ಅತ್ಯಗತ್ಯ.

ಖರ್ಚು ಹೆಚ್ಚೆನಿಸಿದವರಿಗೆ ಸರಳ ದಾರಿಯೂ ಉಂಟು: ಕೃಷಿಹೊಂಡದಲ್ಲಿ ಮೀನುಮರಿ ಬಿಟ್ಟು, ಆ ನೀರನ್ನು ಮೆಂತ್ಯ, ಪಾಲಕ, ಬದನೆಯ ಮಡಿಗಳಿಗೆ ಹಾಯಿಸುವುದು. ಇಲ್ಲಿ ನೀರು ಹೊಂಡಕ್ಕೆ ಮರಳುವುದಿಲ್ಲ. ಮೀನಿನ ಸಾರ ಮಾತ್ರ ಬೆಳೆಗೆ ಸೇರುತ್ತದೆ.