ಸೀಸದ ಪರಮಾಣು ತೂಕ: ಐಸೋಟೋಪುಗಳ ಪ್ರಮಾಣ ಮತ್ತು ಖನಿಜಮೂಲ

ಸೀಸದ ಪ್ರತಿಯೊಂದು ಪರಮಾಣುವಿನಲ್ಲೂ 82 ಪ್ರೋಟಾನುಗಳಿರುತ್ತವೆ. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆಬೇರೆ. ನಿಸರ್ಗದಲ್ಲಿ ದೊರೆಯುವ ಸೀಸವು ಮುಖ್ಯವಾಗಿ 204, 206, 207 ಮತ್ತು 208 ದ್ರವ್ಯರಾಶಿ ಸಂಖ್ಯೆಯ ನಾಲ್ಕು ಸ್ಥಿರ ಐಸೋಟೋಪುಗಳ ಮಿಶ್ರಣ. ಎಲೆಕ್ಟ್ರಾನುಗಳ ವಿನ್ಯಾಸ ನಾಲ್ಕರಲ್ಲೂ ಒಂದೇ ಆದ್ದರಿಂದ ಅವುಗಳ ರಾಸಾಯನಿಕ ವರ್ತನೆಯೂ ಹೆಚ್ಚುಕಡಿಮೆ ಒಂದೇ.

ಪರಮಾಣು ತೂಕವೆಂಬುದು ಈ ಐಸೋಟೋಪುಗಳ ದ್ರವ್ಯರಾಶಿಗಳ ತೂಕಯುಕ್ತ ಸರಾಸರಿ. ಕಾರ್ಬನ್-12ರ ಒಂದು ಪರಮಾಣುವಿನ ದ್ರವ್ಯರಾಶಿಯ ಹನ್ನೆರಡನೆಯ ಒಂದು ಭಾಗ ಇದರ ಮಾನ. ಸಾಮಾನ್ಯ ಸೀಸದಲ್ಲಿ ಸೀಸ-204 ಶೇ. 1.4, ಸೀಸ-206 ಶೇ. 24.1, ಸೀಸ-207 ಶೇ. 22.1 ಮತ್ತು ಸೀಸ-208 ಶೇ. 52.4ರಷ್ಟಿವೆ. ಪ್ರತಿಯೊಂದರ ದ್ರವ್ಯರಾಶಿಯನ್ನು ಅದರ ಪಾಲಿನಿಂದ ಗುಣಿಸಿ ಕೂಡಿದರೆ 207.2 ದೊರೆಯುತ್ತದೆ. ಪಾಲು ಬದಲಾದರೆ ಮೊತ್ತವೂ ಬದಲಾಗುತ್ತದೆ.

ಈ ಬದಲಾವಣೆಯ ಕಾರಣ ವಿಕಿರಣಶೀಲತೆ. ಯುರೇನಿಯಂ-238 ಹಂತಹಂತವಾಗಿ ಕ್ಷಯಿಸಿ ಸೀಸ-206 ಆಗುತ್ತದೆ. ಯುರೇನಿಯಂ-235ರಿಂದ ಸೀಸ-207, ಥೋರಿಯಂ-232ರಿಂದ ಸೀಸ-208 ಉಂಟಾಗುತ್ತವೆ. ಹಾಗಾಗಿ ಯುರೇನಿಯಂ ಖನಿಜದ ಸೀಸ ಹಗುರವಾಗಿಯೂ ಥೋರಿಯಂ ಖನಿಜದ ಸೀಸ ಭಾರವಾಗಿಯೂ ಇರಬೇಕು. 1913ರಲ್ಲಿ ಐಸೋಟೋಪು ಎಂಬ ಹೆಸರನ್ನು ಬಳಕೆಗೆ ತಂದ ಫ್ರೆಡರಿಕ್ ಸಾಡಿ ಸಿಲೋನಿನ ಥೋರೈಟ್ ಖನಿಜದಿಂದ ತೆಗೆದ ಸೀಸವನ್ನು ಪರೀಕ್ಷಿಸಿ, ಅದು ಸಾಮಾನ್ಯ ಸೀಸಕ್ಕಿಂತ ಭಾರವೆಂದು ಕಂಡರು. ಹಾರ್ವರ್ಡಿನಲ್ಲಿ ಥಿಯೋಡೋರ್ ರಿಚರ್ಡ್ಸ್ ಮತ್ತು ಮ್ಯಾಕ್ಸ್ ಲೆಂಬರ್ಟ್ 1914ರಲ್ಲಿ ಯುರೇನಿಯಂ ಖನಿಜಗಳ ಸೀಸದ ಪರಮಾಣು ತೂಕ ಸಾಮಾನ್ಯ ಸೀಸದ್ದಕ್ಕಿಂತ ಕಡಿಮೆಯೆಂದು ತೋರಿಸಿದರು. ಪ್ರತಿ ಧಾತುವಿಗೂ ಬದಲಾಗದ ಒಂದೇ ಪರಮಾಣು ತೂಕವಿದೆಯೆಂದು ಡಾಲ್ಟನ್ನನ ಕಾಲದಿಂದ ಬಂದ ನಂಬಿಕೆ ಇದರಿಂದ ಸಡಿಲವಾಯಿತು. 1919ರಲ್ಲಿ ಫ್ರಾನ್ಸಿಸ್ ಆಸ್ಟನ್ ರೂಪಿಸಿದ ದ್ರವ್ಯರಾಶಿ ರೋಹಿತಲೇಖಿಯು ಐಸೋಟೋಪುಗಳನ್ನು ನೇರವಾಗಿ ಬೇರ್ಪಡಿಸಿ ಅಳೆಯುವ ದಾರಿಯನ್ನು ತೆರೆಯಿತು.

ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನದ ಅಂತಾರಾಷ್ಟ್ರೀಯ ಒಕ್ಕೂಟವು 2021ರಲ್ಲಿ ಸೀಸದ ಪ್ರಮಾಣಿತ ಪರಮಾಣು ತೂಕವನ್ನು ಒಂದೇ ಸಂಖ್ಯೆಯಾಗಿ ಅಲ್ಲದೆ 206.14ರಿಂದ 207.94ರವರೆಗಿನ ವ್ಯಾಪ್ತಿಯಾಗಿ ಪ್ರಕಟಿಸಿತು. ಇದು ಅಳತೆಯ ದೋಷವಲ್ಲ, ಮಾದರಿಗಳ ನಡುವೆ ನಿಜವಾಗಿಯೂ ಇರುವ ಅಂತರ. ಖನಿಜಮೂಲ ತಿಳಿಯದ ಸೀಸದ ನಿಖರ ಪರಮಾಣು ತೂಕ ಬೇಕಾದಾಗ ಆ ಮಾದರಿಯ ಐಸೋಟೋಪು ಪ್ರಮಾಣವನ್ನೇ ಅಳೆಯಬೇಕಾಗುತ್ತದೆ.

ರಸಾಯನಶಾಸ್ತ್ರಕ್ಕೆ ತೊಡಕಾದ ಈ ಅಂತರವೇ ಭೂವಿಜ್ಞಾನಕ್ಕೆ ಸಾಧನವಾಯಿತು. ಸೀಸ-204 ಈ ಯಾವ ಕ್ಷಯಸರಣಿಯಿಂದಲೂ ಹುಟ್ಟುವುದಿಲ್ಲ. ಆದ್ದರಿಂದ ಅದಕ್ಕೆ ಹೋಲಿಸಿ ಉಳಿದವುಗಳ ಹೆಚ್ಚಳವನ್ನು ಲೆಕ್ಕ ಹಾಕಬಹುದು. ಉಲ್ಕಾಶಿಲೆಗಳಲ್ಲಿನ ಸೀಸವನ್ನು ಹೀಗೆ ಅಳೆದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ನಿರ್ಧರಿಸಿದರು.