ತರಗತಿಯಲ್ಲಿ ಕಲೆ ಮತ್ತು ಮಕ್ಕಳ ಸ್ವಂತ ಕಥನ: ಕರ್ನಾಟಕ

ಹಾಡು, ಚಿತ್ರ, ನಾಟಕ, ಕತೆಗಳ ಮೂಲಕ ಪಾಠ ಕಲಿಸುವ ರೂಢಿ ಕನ್ನಡ ನಾಡಿನಲ್ಲಿ ಹಳೆಯದು. ಮಗು ತನ್ನ ಮನೆ, ಕೇರಿ, ಬದುಕಿನ ಕತೆಯನ್ನು ತಾನೇ ಹೇಳಲು ತರಗತಿಯಲ್ಲಿ ಜಾಗ ಸಿಕ್ಕಿದ್ದು ಮಾತ್ರ ಈಚೆಗೆ. ಇವೆರಡರ ನಡುವಿನ ಅಂತರವೇ ಈ ವಿಷಯದ ಚರಿತ್ರೆ.

ಸರ್ಕಾರಿ ಶಾಲೆಗಳು ಬರುವ ಮೊದಲಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಅಮರಕೋಶ, ಜೈಮಿನಿ ಭಾರತದ ಪದ್ಯಗಳನ್ನು ರಾಗವಾಗಿ ಬಾಯಿಪಾಠ ಮಾಡುತ್ತಿದ್ದರು. ನವರಾತ್ರಿ ಬಂತೆಂದರೆ ಮಠದ ಗುರುಗಳಾದ ಐಗಳು ಹುಡುಗರನ್ನು ಸಿಂಗರಿಸಿ ಮನೆಮನೆಗೆ ಕರೆದೊಯ್ದು ಚೌಪದಿ ಹಾಡಿಸುವುದಿತ್ತು. ಹಾಡಿಗೆ ಸಿಕ್ಕ ಕಾಣಿಕೆ ಐಗಳ ಸಂಪಾದನೆಗೆ ಸೇರುತ್ತಿತ್ತು. ರಾಗವು ನೆನಪಿಗೆ ಊರುಗೋಲಾಗಿತ್ತು, ಅಷ್ಟೇ. ಹುಡುಗನ ಸ್ವಂತ ಮಾತು ಮಠಕ್ಕೆ ಬೇಕಿರಲಿಲ್ಲ.

ಮಕ್ಕಳ ಮಟ್ಟಕ್ಕೆ ಇಳಿದು ಬಂದ ಮೊದಲಿಗರಲ್ಲಿ ಪಂಜೆ ಮಂಗೇಶರಾಯರು (1874–1937) ಮುಖ್ಯರು. ಉಪಾಧ್ಯಾಯರಾಗಿ, ಆಮೇಲೆ ಶಾಲಾ ಇನ್ಸ್‌ಪೆಕ್ಟರರಾಗಿ ದಕ್ಷಿಣ ಕನ್ನಡದ ಹಳ್ಳಿ ಶಾಲೆಗಳನ್ನು ಸುತ್ತಿದ ಅವರು, ತಪಾಸಣೆಗೆ ಬಂದ ಅಧಿಕಾರಿಯನ್ನು ಕಂಡು ನಡುಗುತ್ತಿದ್ದ ಮಕ್ಕಳ ಮುಂದೆ ಹಾಡಿ, ಅಭಿನಯಿಸಿ ಕತೆ ಹೇಳುತ್ತಿದ್ದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರೂ ಅವರೇ. ಬೆಂಗಳೂರಿನ ಕಡೆ ಜಿ.ಪಿ. ರಾಜರತ್ನಂ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಇದ್ದ ಪದ್ಯಗಳು ಮಕ್ಕಳ ನಾಲಿಗೆಗೆ ಒಗ್ಗದ್ದನ್ನು ಕಂಡು ತಾವೇ ಬರೆಯತೊಡಗಿದರು. ಅವರ ಮಕ್ಕಳ ಪದ್ಯಗಳ ‘ತುತ್ತೂರಿ’ ಹುಟ್ಟಿದ್ದು ಹೀಗೆ. ಆರ್. ಕಲ್ಯಾಣಮ್ಮನವರು 1938ರಲ್ಲಿ ಸ್ಥಾಪಿಸಿದ ಮಕ್ಕಳ ಕೂಟದ ಹೆಸರು ಚಾಮರಾಜಪೇಟೆಯ ವೃತ್ತವೊಂದಕ್ಕೆ ಅಂಟಿಕೊಂಡು ಉಳಿದಿದೆ.

ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಿದ್ದರು. 1937ರ ವಾರ್ಧಾ ಸಮ್ಮೇಳನದಿಂದ ಗಾಂಧೀಜಿಯ ಮೂಲಶಿಕ್ಷಣ ಹೊರಟಿತು. ಕೈಕೆಲಸ ಮತ್ತು ಕಲೆಯನ್ನು ಕಲಿಕೆಯ ನಡುಮನೆಗೆ ತಂದ ಈ ಗಾಳಿ ಕನ್ನಡಕ್ಕೂ ಬೀಸಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳು ಅದೇ ಹೊತ್ತಿನವು. ನಾಟಕ, ಕುಣಿತ, ಸುತ್ತಾಟ ಎಲ್ಲವೂ ಅಲ್ಲಿ ಪಾಠವಾಗಿದ್ದವು. 1930ರ ದಶಕದಲ್ಲೇ ಅವರು ಮಕ್ಕಳಿಗಾಗಿ ‘ಬಾಲಪ್ರಪಂಚ’ ಎಂಬ ವಿಶ್ವಕೋಶವನ್ನು ಒಬ್ಬರೇ ಬರೆದರು. ಶಾಲಾ ವ್ಯವಸ್ಥೆ ಇದರಿಂದ ಹೆಚ್ಚೇನೂ ಕಲಿಯಲಿಲ್ಲ. ಶಾಲೆಗಳಲ್ಲಿ ಕಲೆ ಎಂದರೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಹೂಜಿ, ಲೋಟಗಳ ಚಿತ್ರ ತಿದ್ದುವುದು ಎಂಬಂತಾಯಿತು.

ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು 1979ರಲ್ಲಿ ಆರಂಭಿಸಿದ ಬೆನಕ ಮಕ್ಕಳ ನಾಟಕ ಕೇಂದ್ರ ಮಕ್ಕಳ ರಂಗಭೂಮಿಗೆ ನೆಲೆ ಕೊಟ್ಟಿತು. ಬಿ.ವಿ. ಕಾರಂತರ ‘ಪಂಜರಶಾಲೆ’ ನಾಟಕಕ್ಕೆ ಟ್ಯಾಗೋರರ ಕತೆಯೇ ಮೂಲ: ಗಿಣಿಗೆ ವಿದ್ಯೆ ಕಲಿಸಲೆಂದು ಪಂಡಿತರು ಅದರ ಬಾಯಿಗೆ ಗ್ರಂಥದ ಹಾಳೆಗಳನ್ನು ತುರುಕುತ್ತ ಹೋಗುತ್ತಾರೆ, ಗಿಣಿ ಸಾಯುತ್ತದೆ. ಶಾಲೆಯನ್ನು ಅಣಕಿಸುವ ಈ ಕತೆಯನ್ನು ಶಾಲಾ ಮಕ್ಕಳೇ ಆಡಿದರು. ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಗೆ ಶಿಬಿರಗಳಿಗೆ ಮಾದರಿಯಾಯಿತು. ಮುಂದೆ ರಂಗಶಿಕ್ಷಣ ಪಡೆದವರನ್ನು ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರಾಗಿ ನೇಮಿಸಿತು. ಉಡುಪಿಯ ಕಡೆ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುವ ವ್ಯವಸ್ಥೆಯೂ ಬೆಳೆಯಿತು.

ಶಾಲೆಯ ಒಳಗಿನಿಂದಲೇ ಬಂದ ದೊಡ್ಡ ಬದಲಾವಣೆ ನಲಿ-ಕಲಿ. 1995ರಲ್ಲಿ ಯುನಿಸೆಫ್ ನೆರವಿನೊಡನೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಿಕ್ಷಕರು ಕೂತು ಪಾಠಗಳನ್ನು ಒಡೆದು ಕಾರ್ಡುಗಳಾಗಿಸಿದರು. ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ಚಿತ್ರದ ಗುರುತಿನಿಂದ ಕಂಡುಕೊಂಡು, ಆ ಕಾರ್ಡು ಎತ್ತಿಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗೋಡೆಯ ತಳದ ಕಪ್ಪುಹಲಗೆ ಮಕ್ಕಳ ಎಟುಕಿಗೆ ಬಂತು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳೇ ಬರೆದ ಚಿತ್ರ, ಕತ್ತರಿಸಿದ ಕಾಗದ ತೂಗಾಡತೊಡಗಿದವು. ಕತೆ, ಹಾಡು, ಒಗಟು ದಿನದ ಕೆಲಸವಾದವು. ಒಬ್ಬನೇ ಮೇಷ್ಟರು ಹಲವು ತರಗತಿ ನೋಡಿಕೊಳ್ಳಬೇಕಾದ ಶಾಲೆಗೆ ಇದು ಒಪ್ಪಿತು. 2009-10ರ ಹೊತ್ತಿಗೆ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ವಿಸ್ತರಿಸಿತು. ಆಗ ಲಾಭದ ಜೊತೆ ನಷ್ಟವೂ ಆಯಿತು: ಶಿಕ್ಷಕರು ಕೈಯಾರೆ ಮಾಡುತ್ತಿದ್ದ ಕಾರ್ಡು ಅಚ್ಚಾಗಿ ಬರತೊಡಗಿತು, ಹೆಗ್ಗಡದೇವನಕೋಟೆಯ ಮಕ್ಕಳಿಗೆ ಹೊಂದುತ್ತಿದ್ದ ಕತೆಯೇ ಬೀದರಿಗೂ ಹೋಯಿತು.

ಮಗುವಿನ ಬದುಕೇ ಪಠ್ಯವಾಗಬಹುದು ಎಂಬುದನ್ನು ತೋರಿಸಿದ್ದು ಶಾಲೆಯ ಹೊರಗಿನವರು. ದುಡಿಯುವ ಮಕ್ಕಳ ಭೀಮ ಸಂಘದ ಗೋಡೆ ಪತ್ರಿಕೆ ‘ಭೀಮ ಪತ್ರಿಕೆ’ಯಲ್ಲಿ ಮಕ್ಕಳು ತಮ್ಮದೇ ಸುದ್ದಿ, ಚಿತ್ರ, ದೂರುಗಳನ್ನು ಬರೆದರು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಆಮೇಲೆ ಸಿದ್ಧಲಿಂಗಯ್ಯನವರ ‘ಊರುಕೇರಿ’ ಕೇರಿಯ ಹುಡುಗನ ಕಣ್ಣಿನಿಂದ ಕಂಡ ಲೋಕವನ್ನು ಕನ್ನಡಿಗರ ಮುಂದಿಟ್ಟವು. 1998ರಲ್ಲಿ, ಶಿಕ್ಷಕಿಯೂ ಗ್ರಂಥಪಾಲಕಿಯೂ ಆಗಿದ್ದ ಗೀತಾ ರಾಮಾನುಜಂ ಬೆಂಗಳೂರಿನಲ್ಲಿ ಕಥಾಲಯ ಸ್ಥಾಪಿಸಿ ಕತೆ ಹೇಳುವುದನ್ನು ಶಿಕ್ಷಕರ ತರಬೇತಿಯ ವಿಷಯವನ್ನಾಗಿಸಿದರು. ಮರುವರ್ಷ ಹುಟ್ಟಿದ ಡ್ರೀಮ್ ಎ ಡ್ರೀಮ್ ಸಂಸ್ಥೆ ಬಡ ಮಕ್ಕಳ ಜೀವನ ಕೌಶಲಕ್ಕೆ ಕಲೆ ಮತ್ತು ಆಟವನ್ನು ಬಳಸಿತು. ಇತ್ತ ಸರ್ಕಾರದ ಕಡೆಯಿಂದ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೆಯ ತರಗತಿವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದಿತು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ‘ಕಲಿ-ಕಲಿಸು’ 2009ರಿಂದ ಕರ್ನಾಟಕದ ಶಿಕ್ಷಕರನ್ನೂ ಕಲಾವಿದರನ್ನೂ ಶಾಲೆಯಲ್ಲಿ ಒಟ್ಟಿಗೆ ತರುತ್ತಿದೆ. ಊರಿನ ಕಸುಬು, ಜನಪದ, ಸ್ಥಳದ ನೆನಪು ಇವು ಅದರ ಸರಕು.

ಮಗು ತನ್ನ ಕತೆಯನ್ನು ತಾನೇ ಹೇಳುವ ಅಗತ್ಯ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೇರೆ ರೂಪದಲ್ಲಿ ಕಾಣುತ್ತದೆ. ಬನ್ನೇರುಘಟ್ಟ ರಸ್ತೆಯ ಹುಳಿಮಾವು ಕೆರೆ, ತೋಟ, ಗುಹಾ ದೇವಾಲಯದ ಹಳ್ಳಿಯಾಗಿತ್ತು. ಈಗ ಅಪಾರ್ಟ್‌ಮೆಂಟುಗಳ ನಡುವೆ ಕಟ್ಟಡ ಕೆಲಸಕ್ಕೆ ವಲಸೆ ಬಂದ ಕುಟುಂಬಗಳೂ ಇವೆ. ಇಂಥ ಬಡಾವಣೆಗಳ ಶಾಲೆಯಲ್ಲಿ ರಾಯಚೂರು, ಯಾದಗಿರಿ ಕಡೆಯ ಕನ್ನಡದ ಪಕ್ಕದಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಕೂರುತ್ತವೆ. ಪಠ್ಯಪುಸ್ತಕದ ಕನ್ನಡ ಯಾರ ಮನೆಮಾತೂ ಆಗಿರದ ತರಗತಿಯಲ್ಲಿ ಚಿತ್ರ ಮೊದಲು ಬರುತ್ತದೆ: ಮಗು ತನ್ನ ಊರಿಂದ ಬಂದ ದಾರಿಯನ್ನು ಬರೆಯುತ್ತದೆ, ಅದನ್ನು ಮನೆಮಾತಿನಲ್ಲಿ ಹೇಳುತ್ತದೆ, ಅದೇ ಮಾತು ಕನ್ನಡದ ವಾಕ್ಯವಾಗಿ ಹಲಗೆಗೆ ಏರುತ್ತದೆ. ಓದಲು ಸಿಕ್ಕ ಮೊದಲ ವಾಕ್ಯ ತನ್ನದೇ ಆಗಿರುವುದರಿಂದ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹತ್ತಿರದ ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರದ ‘ಆಹಾ!’ ಮಕ್ಕಳ ರಂಗ ಕಾರ್ಯಕ್ರಮ ಈ ಭಾಗದ ಶಾಲೆಗಳಿಗೆ ಕೈಗೆಟುಕುವ ರಂಗಭೂಮಿ. ಅಲ್ಲಿ ಜರ್ಮನಿಯ ಶ್ನಾವ್ಲ್ ತಂಡದೊಡನೆ ರೂಪುಗೊಂಡ ಪೆಟ್ಟಿಗೆ ಹಿಡಿದ ಹುಡುಗನ ನಾಟಕಕ್ಕೂ ವಸ್ತು, ಊರು ಬಿಟ್ಟು ಬಂದ ಮಗುವೇ.

ಸ್ವಂತ ಕತೆ ಕೇಳುವುದರಲ್ಲಿ ಅಪಾಯವೂ ಇದೆ. ಅಪ್ಪನ ಕುಡಿತ, ಮನೆಯ ಜಾತಿ, ಹಸಿವು ಇವು ನಲವತ್ತು ಮಕ್ಕಳ ಮುಂದೆ ಬಯಲಾದರೆ ಮರುದಿನ ಆಡಿಕೊಳ್ಳುವ ಸರಕಾಗುತ್ತವೆ. ಅದಕ್ಕೇ ಅನುಭವಿ ಶಿಕ್ಷಕರು ತಮ್ಮ ಕತೆಯನ್ನು ಮೊದಲು ಹೇಳುತ್ತಾರೆ. ಮಗುವಿಗೆ ಗೊಂಬೆಯ ಬಾಯಿಂದಲೋ ‘ಒಬ್ಬ ಹುಡುಗ ಇದ್ದ’ ಎಂದೋ ಹೇಳುವ, ಬೇಡವೆನಿಸಿದರೆ ಸುಮ್ಮನಿರುವ ದಾರಿ ಬಿಡುತ್ತಾರೆ. ಬರೆದದ್ದಕ್ಕೆ ಅಂಕ ಹಾಕಿದ ಕೂಡಲೇ ಮಗು ಮೇಷ್ಟರಿಗೆ ಬೇಕಾದ ಕತೆಯನ್ನೇ ಹೇಳತೊಡಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳೊಳಗೆ ಬೆರೆಸಬೇಕೆಂದು ಹೇಳಿದೆ. ರಾಜ್ಯದ ಶಾಲೆಗಳ ದೊಡ್ಡ ಕಲಾ ಉತ್ಸವ ಇಂದಿಗೂ ಪ್ರತಿಭಾ ಕಾರಂಜಿಯೇ. ಅದರಲ್ಲಿ ಕಂಠಪಾಠಕ್ಕೆ, ಛದ್ಮವೇಷಕ್ಕೆ, ಚಿತ್ರಕಲೆಗೆ, ಮಣ್ಣಿನ ಮಾದರಿಗೆ, ಕಥೆ ಹೇಳುವುದಕ್ಕೆ ಸ್ಪರ್ಧೆಗಳಿವೆ. ಮಗು ತನ್ನದೇ ಕತೆ ಹೇಳುವುದಕ್ಕೆಂದು ಬೇರೆ ವಿಭಾಗವಿಲ್ಲ.