ಬಯಲಿನ ಸರದಿ

ಆಟದ ತಂಡವೊಂದು ತನ್ನ ಊರಿನೊಡನೆ ಕ್ರೀಡಾಂಗಣದ ಸಲುವಾಗಿ ಜಗಳವಾಡುವುದು ನಮ್ಮ ಕಾಲದ ಸಂಗತಿ. ಅದನ್ನು ಕುರಿತು ನಾಲ್ಕು ಮಾತು ಹೇಳಹೊರಟ ನಾನು ಮೊದಲು ಹಂಪಿಗೆ ಹೋಗಿಬರುವುದನ್ನು ಕೇಳುಗರು ಮನ್ನಿಸಬೇಕು. ಹೊಸಪೇಟೆಯವನು ಯಾವ ಮಾತನ್ನು ಎತ್ತಿಕೊಂಡರೂ ಹಂಪಿ ದಾರಿಯಲ್ಲಿ ಸಿಕ್ಕೇ ಸಿಗುತ್ತದೆ.

ಮಹಾನವಮಿ ದಿಬ್ಬವನ್ನು ನೋಡದವರು ನಮ್ಮಲ್ಲಿ ಕಡಿಮೆ. ಅದು ಒಂದೇ ಸಲಕ್ಕೆ ಕಟ್ಟಿದ್ದಲ್ಲ ಎಂಬುದನ್ನು ಗಮನಿಸಿದವರು ಇನ್ನೂ ಕಡಿಮೆ. ಹಂತಹಂತವಾಗಿ ಹಿಗ್ಗಿದ ಜಗಲಿ ಅದು. ಮೊದಲಿನ ಕಣಶಿಲೆಯ ಮೈಗೆ ಪಶ್ಚಿಮದ ಕಡೆಯಲ್ಲಿ ಮುಂದೆ ಬೇರೊಂದು ಕಪ್ಪು ಕಲ್ಲಿನ ಹೊದಿಕೆ ಬಂತು. ಇಂದಿನ ಕಡತಗಳ ಭಾಷೆಯಲ್ಲಿ ಹೇಳುವುದಾದರೆ ಅದೂ ಒಂದು ಮೇಲ್ದರ್ಜೆಯ ಕಾಮಗಾರಿಯೇ. ಅದರ ಗೋಡೆಗಳ ಮೇಲೆ ಆನೆ, ಕುದುರೆ, ಬೇಟೆಗಾರರು, ನರ್ತಕಿಯರ ಜೊತೆಗೆ ಜಟ್ಟಿಗಳೂ ಇದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಒಂಬತ್ತು ದಿನಗಳ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮುಂದೆ ಬಂದ ನ್ಯೂನಿಜ್, ಅರಮನೆಯ ಮುಂದೆ ಒಂಬತ್ತು ಕೋಟೆಗಳಂಥ ಮಂಟಪಗಳು ಏಳುತ್ತಿದ್ದವೆಂದೂ ಅವುಗಳನ್ನು ರಾಜ್ಯದ ಒಂಬತ್ತು ಮಂದಿ ಪ್ರಮುಖ ನಾಯಕರು ಕಟ್ಟಿಸುತ್ತಿದ್ದರೆಂದೂ ಹೇಳುತ್ತಾನೆ. ಬಯಲು ಅರಸನದು, ಮಂಟಪದ ಖರ್ಚು ನಾಯಕರದು. ಅರಸನೂ ನಾಯಕರೂ ಒಂದೇ ಅಧಿಕಾರದ ಎರಡು ಕೈಗಳಾದ್ದರಿಂದ ಲೆಕ್ಕದ ಜಗಳಕ್ಕೆ ಎಡೆಯಿರಲಿಲ್ಲ.

ನ್ಯೂನಿಜನ ಬರಹದಲ್ಲಿ ನನ್ನನ್ನು ಬಹುಕಾಲ ಕಾಡಿದ ವಿವರ ಒಂದಿದೆ. ಜಟ್ಟಿಗಳು ಕೈಯಲ್ಲಿ ಮೊನೆಗಳುಳ್ಳ ಬಳೆ ಹಿಡಿದು ಹೊಡೆದಾಡುತ್ತಿದ್ದರಂತೆ. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ಆದರೆ ರೇಷ್ಮೆಯ ವಸ್ತ್ರದ ಬಹುಮಾನ ದೊರೆಯುತ್ತಿದ್ದದ್ದು ಹೆಚ್ಚು ಗಾಯಗೊಂಡವನಿಗೆ ಎನ್ನುತ್ತಾನೆ ಅವನು. ಗೆದ್ದವನಿಗೆ ಹೇಗೂ ಗೆಲುವಿದೆ. ನೊಂದವನಿಗೆ ಕೊಡಬೇಕಾದದ್ದನ್ನು ಕೊಡುವುದು ಬಯಲಿನ ಒಡೆಯನ ಹೊಣೆ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ವಿಜಯನಗರದ ಮಹಾನವಮಿ 1610ರಲ್ಲಿ ರಾಜ ಒಡೆಯರ ಕಾಲಕ್ಕೆ ಶ್ರೀರಂಗಪಟ್ಟಣ ಸೇರಿತು, ಅಲ್ಲಿಂದ ಮೈಸೂರಿಗೆ ಹೋಯಿತು. ಆ ಮೈಸೂರು ಅರಸು ಮನೆತನದ ಒಂದು ಹೆಸರು ಬೆಂಗಳೂರಿನ ಕ್ರೀಡಾಂಗಣಕ್ಕೆ ಉಳಿದಿದೆ. ಕಂಠೀರವ ಎಂದರೆ ಸಿಂಹ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಶ್ರೀ ಕಂಠೀರವ ಕ್ರೀಡಾಂಗಣದ ಒಡೆಯ ಈಗ ಯಾವ ಅರಸನೂ ಅಲ್ಲ. ಸರ್ಕಾರದ ಮೂಲಕ ನಾವೆಲ್ಲರೂ. ಒಡೆಯರು ಹಲವರಾದಾಗ ಬಯಲಿನ ಪ್ರಶ್ನೆ ಕಠಿಣವಾಗುತ್ತದೆ.

ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ತಂಡ ಹುಟ್ಟಿದ್ದು 2013ರಲ್ಲಿ. ಅದನ್ನು ಕಟ್ಟಿದವರು ನಮ್ಮ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹದವರು. ಮೊದಲ ವರ್ಷ ಅದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲಿನ ಮೇಲೆ ಆಡಿ, ಆ ವರ್ಷವೇ ಐ-ಲೀಗ್ ಗೆದ್ದಿತು. ಮರುವರ್ಷ ಕಂಠೀರವಕ್ಕೆ ಬಂತು. ಹಳೆಯ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳ ಮೇಲೆ ಕುಳಿತು ಕೂಗುತ್ತಿದ್ದ ಅಭಿಮಾನಿಗಳು ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ತಮ್ಮ ಹೆಸರನ್ನೂ ಹೊತ್ತುಕೊಂಡು ಬಂದರು. 2016ರಲ್ಲಿ ಸುನಿಲ್ ಛೆಟ್ರಿಯವರ ನಾಯಕತ್ವದಲ್ಲಿ ಈ ತಂಡ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಅನೇಕ ವರ್ಷ ಬಿಕೋ ಎನ್ನುತ್ತಿದ್ದ ಮೆಟ್ಟಿಲುಗಳಿಗೆ ಸಾವಿರಾರು ಜನ ಬಂದು ಕುಳಿತದ್ದು ಸಣ್ಣ ಸಾಧನೆಯಲ್ಲ.

ಆದರೆ ಕಂಠೀರವ ಫುಟ್‌ಬಾಲಿಗಾಗಿ ಕಟ್ಟಿದ ಅಂಗಣವಲ್ಲ. ಹುಲ್ಲಿನ ಸುತ್ತ 400 ಮೀಟರಿನ ಓಟದ ಪಥವಿದೆ. ಭರ್ಜಿ, ಚಕ್ರ, ಹ್ಯಾಮರ್ ಎಸೆಯುವವರಿಗೆ ಆ ಹುಲ್ಲೇ ಬಯಲು. ಗಂಡಸರ ಭರ್ಜಿಯ ತೂಕ 800 ಗ್ರಾಂ. ಅದರ ಮೊನೆ ನೆಲಕ್ಕೆ ನಾಟುತ್ತದೆ. 7.26 ಕಿಲೋ ತೂಗುವ ಹ್ಯಾಮರ್ ಬಿದ್ದಲ್ಲಿ ಗುಂಡಿ ಬೀಳುತ್ತದೆ. ಚೆಂಡು ಉರುಳಬೇಕಾದ ನೆಲದಲ್ಲಿ ಗುಂಡಿ ಇರಕೂಡದು. ಏಷ್ಯಾ ಮಟ್ಟದ ಪಂದ್ಯ ನಡೆಸಬೇಕಾದರೆ ದೀಪ, ಆಟಗಾರರ ಕೊಠಡಿ, ಆಸನ, ಹುಲ್ಲುಹಾಸು ಎಲ್ಲವೂ ನಿಯಮಕ್ಕೆ ತಕ್ಕಂತಿರಬೇಕು. ಅದಕ್ಕೆ ಹಣ ಬೇಕು. ಹಣ ಹಾಕಿದ ತಂಡಕ್ಕೆ ನಾಳೆಯೂ ಇಲ್ಲಿ ಆಡುತ್ತೇವೆಂಬ ಭರವಸೆ ಬೇಕು. ಇದು ತಂಡದ ನ್ಯಾಯ. ಇನ್ನೊಂದು ಕಡೆ, ಬೆಳಿಗ್ಗೆ ಐದಕ್ಕೆದ್ದು ಬಸ್ಸು ಹಿಡಿದು ಬರುವ ಓಟಗಾರ್ತಿಗೆ ಪಂದ್ಯದ ಸಿದ್ಧತೆಯ ಕಾರಣದಿಂದ ಗೇಟು ಮುಚ್ಚಿದ್ದರೆ ಅವಳು ಎಲ್ಲಿ ಓಡಬೇಕು? ಇದು ಅವಳ ನ್ಯಾಯ. ಫುಟ್‌ಬಾಲಿನ ಋತುವೂ ಅಥ್ಲೀಟುಗಳು ಮುಂದಿನ ಬೇಸಿಗೆಯ ಕೂಟಗಳಿಗೆ ಅಣಿಯಾಗುವ ಕಾಲವೂ ಹೆಚ್ಚುಕಡಮೆ ಒಂದೇ ತಿಂಗಳುಗಳಲ್ಲಿ ಬೀಳುವುದರಿಂದ ತಿಕ್ಕಾಟ ತಪ್ಪುವಂತಿರಲಿಲ್ಲ.

ಅಥ್ಲೀಟುಗಳೂ ತರಬೇತುದಾರರೂ ದೂರಿದರು: ಪಥ ಹಾಳಾಗುತ್ತಿದೆ, ಎಸೆತಗಾರರಿಗೆ ಜಾಗವಿಲ್ಲ ಎಂದು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಕ್ರೀಡಾಂಗಣದ ಹೊಣೆ ಹೊತ್ತ ಕ್ರೀಡಾ ಇಲಾಖೆ ಎರಡು ನ್ಯಾಯಗಳ ನಡುವೆ ನಿಲ್ಲಬೇಕಾಯಿತು. 2019ರ ಮಾರ್ಚಿಯಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದುಬಂದ ತಂಡಕ್ಕೆ ಕೆಲವೇ ತಿಂಗಳಲ್ಲಿ ತನ್ನ ಊರಿನ ಅಂಗಣ ದೊರೆಯುವ ಭರವಸೆಯೇ ಇಲ್ಲವಾಯಿತು. ತವರಿನ ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡುವುದೆಂಬ ಪ್ರಕಟಣೆ ಹೊರಬಿತ್ತು. ಬೆಂಗಳೂರಿನ ಹೆಸರು ಹೊತ್ತ ತಂಡಕ್ಕೆ ಪುಣೆ ತವರು! ಕೊನೆಗೆ ಅನುಮತಿ ದೊರೆತು ಅಕ್ಟೋಬರಿನ ಪಂದ್ಯ ಕಂಠೀರವದಲ್ಲೇ ನಡೆಯಿತು. ಪಥವನ್ನೂ ಮುಂದೆ ಹೊಸದಾಗಿ ಹಾಸಲಾಯಿತು.

ಈ ಜಗಳದಲ್ಲಿ ಒಬ್ಬರನ್ನು ಖಳರನ್ನಾಗಿ ಮಾಡುವುದು ಸುಲಭ. ಆದರೆ ಸತ್ಯ ಅಷ್ಟು ಸುಲಭವಾಗಿಲ್ಲ. ಅಥ್ಲೀಟುಗಳ ಅಂಗಣಕ್ಕೆ ಫುಟ್‌ಬಾಲನ್ನು ತಂದ ಸಮೂಹವೇ 2018ರಲ್ಲಿ ನಮ್ಮ ತೋರಣಗಲ್ಲಿನ ವಿಜಯನಗರದಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯನ್ನು ತೆರೆಯಿತು. ಅಲ್ಲಿ ಓಟಗಾರರು, ಜಟ್ಟಿಗಳು, ಮುಷ್ಟಿಯೋಧರು ಪಳಗುತ್ತಾರೆ. ಭರ್ಜಿಯ ನೀರಜ್ ಚೋಪ್ರಾ ಸಹ ಅಲ್ಲಿ ತರಬೇತಿ ಪಡೆದವರು. ತನ್ನ ಸ್ವಂತ ಜಾಗದಲ್ಲಿ ಎಲ್ಲರಿಗೂ ಎಡೆಮಾಡುವುದು ಸಾಧ್ಯ. ಕಷ್ಟ ಬರುವುದು ಎಲ್ಲರಿಗೂ ಸೇರಿದ ಜಾಗದಲ್ಲಿ.

ಹೊರನಾಡುಗಳ ಕಥೆ ಬೇರೆಯಲ್ಲ. ಕೆನಡಾದ ಕ್ವಿಬೆಕ್ ನಗರದಲ್ಲಿ ನಾರ್ಡಿಕ್ಸ್ ಎಂಬ ಹಾಕಿ ತಂಡವಿತ್ತು. ನಮ್ಮ ಕೊಡಗಿನವರ ಹಾಕಿಯಲ್ಲ, ಮಂಜುಗಡ್ಡೆಯ ಮೇಲಿನದು. ಹೊಸ ಅಂಗಣಕ್ಕೆ ಸಾರ್ವಜನಿಕರ ಹಣದ ನೆರವು ಕೇಳಿತು, ಬೇಕಾದಷ್ಟು ದೊರೆಯಲಿಲ್ಲ. 1995ರಲ್ಲಿ ತಂಡ ಅಮೆರಿಕದ ಡೆನ್ವರಿಗೆ ಮಾರಾಟವಾಗಿ ಹೋಯಿತು, ಮರುವರ್ಷವೇ ಅಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಕ್ವಿಬೆಕ್ ಪಶ್ಚಾತ್ತಾಪಪಟ್ಟಂತೆ ಭಾರಿ ಅಂಗಣವೊಂದನ್ನು ಕಟ್ಟಿ 2015ರಲ್ಲಿ ತೆರೆಯಿತು. ಹೋದ ತಂಡ ಬರಲಿಲ್ಲ. 2023ರಲ್ಲಿ ಅರಿಜೋನಾದ ಟೆಂಪಿ ನಗರದ ಮತದಾರರು ಇಂಥದೇ ಯೋಜನೆಯನ್ನು ತಿರಸ್ಕರಿಸಿದರು. ಮರುವರ್ಷ ಆ ತಂಡವೂ ಸಾಲ್ಟ್ ಲೇಕ್ ಸಿಟಿಗೆ ಹೊರಟುಹೋಯಿತು. ಹಣ ಕೊಟ್ಟರೆ ಊರಿನ ಬೊಕ್ಕಸ ಬರಿದು, ಕೊಡದಿದ್ದರೆ ಊರಿನ ಅಂಗಣ ಬರಿದು. ಅಲ್ಲಿ ಮತ ಹಾಕಿದವರಿಗೆ ಎರಡರಲ್ಲೊಂದನ್ನು ಆರಿಸುವ ಅವಕಾಶವಾದರೂ ಇತ್ತು.

ಅಂಗಣದ ಸುಧಾರಣೆ ಎಂದರೆ ಯಾರ ಸುಧಾರಣೆ ಎಂಬುದನ್ನು ನಾವು ಅತ್ಯಂತ ದುಬಾರಿಯಾದ ಪಾಠದಿಂದ ಕಲಿತೆವು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಭಾರಿ ಜನಸಂದಣಿಗೆ ಆ ಕ್ರೀಡಾಂಗಣದ ರಚನೆ ತಕ್ಕುದಲ್ಲವೆಂದು ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಅವರ ಆಯೋಗ ಹೇಳಿತು. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬಯಿಗೆ ಹೋದವು. ಆ ದಿನ ಪ್ರಾಣ ತೆತ್ತವರು ಆಡಿದವರಲ್ಲ, ಆಡಿಸಿದವರಲ್ಲ. ಗೇಟಿನ ಹೊರಗೆ ನಿಂತವರು. ಗಾಯಗೊಂಡವನನ್ನು ಮೊದಲು ನೆನೆಯುತ್ತಿದ್ದ ಹಂಪಿಯ ಪದ್ಧತಿ ಆಗ ನನಗೆ ಮತ್ತೆ ನೆನಪಾಯಿತು.

ಹಾಗಾದರೆ ಪರಿಹಾರವೇನು? ನಾನು ಆಟದ ಶಾಸ್ತ್ರ ಬಲ್ಲವನಲ್ಲ. ಆದರೆ ತುಂಗಭದ್ರೆಯ ಮಗ್ಗುಲಲ್ಲಿ ಬಾಳಿದವನಿಗೆ ಹಂಚಿಕೆಯ ಕಷ್ಟ ಗೊತ್ತು. ನಮ್ಮ ರಾಯ ಕಾಲುವೆ, ಬಸವ ಕಾಲುವೆಗಳು ವಿಜಯನಗರದ ಕಾಲದವು. ಯಾವ ಕಾಲುವೆಯಲ್ಲಾದರೂ ಮೇಲುಭಾಗದವನಿಗೆ ನೀರು ತಾನಾಗಿಯೇ ಸಿಗುತ್ತದೆ. ಕೊನೆಭಾಗದ ರೈತನಿಗೆ ಸಿಗುವುದು ಸರದಿಯನ್ನು ಗೊತ್ತುಮಾಡಿ ಯಾರಾದರೂ ಕಾದರೆ ಮಾತ್ರ. ಕಾಲುವೆಗೆ ಕಲ್ಲು ಕಟ್ಟಿಸಿದೆನೆಂದು ಮೇಲುಭಾಗದವನು ನೀರೆಲ್ಲ ತನ್ನದೆನ್ನುವಂತಿಲ್ಲ. ಕಂಠೀರವದಲ್ಲಿ ಎಸೆತಗಾರರು ಕೊನೆಭಾಗದ ರೈತರಾಗಿದ್ದರು.

ಕಂಪ್ಲಿಯ ಕಡೆಯ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೈಹಿಕ ಶಿಕ್ಷಣದ ಶಿಕ್ಷಕರು. ಅವರ ಶಾಲೆಯ ಬಯಲಿನಲ್ಲಿ ಇಪ್ಪತ್ತು ಹುಡುಗರು ಕ್ರಿಕೆಟ್ ಆಡುತ್ತಾರೆ. ಒಬ್ಬಳೇ ಹುಡುಗಿ ಬಿದಿರಿನ ಭರ್ಜಿ ಎಸೆಯುತ್ತಾಳೆ. ಪಿಚ್ಚಿಗೆ ಸಿಮೆಂಟು ಹಾಕಿಸಿಕೊಟ್ಟವರು ಊರಿನ ಗುತ್ತಿಗೆದಾರರು; ಅವರ ಮಗನೂ ಆ ಇಪ್ಪತ್ತರಲ್ಲಿ ಒಬ್ಬ. ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದೆ. "ಇಪ್ಪತ್ತು ಜನ ಆಡುವಾಗ ಒಬ್ಬಳಿಗೋಸ್ಕರ ಬಯಲು ಬಿಡಿ ಅಂದರೆ ಯಾರು ಬಿಡ್ತಾರೆ ಸರ್? ಅದಕ್ಕೇ ಮೊದಲ ಮುಕ್ಕಾಲು ಗಂಟೆ ಅವಳದು ಅಂತ ಗೋಡೆ ಮೇಲೆ ಬರೆಸಿಬಿಟ್ಟೆ. ಗುತ್ತಿಗೆದಾರರಿಗೂ ಸಿಮೆಂಟು ಹಾಕಿಸೋ ಮೊದಲೇ ಹೇಳಿದ್ದೆ. ಬರೆದ ಮೇಲೆ ಜಗಳ ಆಗಿಲ್ಲ," ಎಂದರು.

ಇಡೀ ವಿವಾದದ ಸಾರ ಈ ಮಾತಿನಲ್ಲಿದೆ ಎಂದು ನನಗೆ ತೋರುತ್ತದೆ. ತಂಡ ಹಣ ತರಲಿ, ಇಲಾಖೆ ಬಯಲು ಕೊಡಲಿ. ಆದರೆ ಸಿಮೆಂಟು ಬೀಳುವ ಮೊದಲೇ, ಕರಾರಿನ ಮೊದಲ ಸಾಲಿನಲ್ಲೇ, ಧ್ವನಿ ಕಡಿಮೆಯಿರುವವರ ಸರದಿಯನ್ನು ಬರೆದಿರಬೇಕು. ಆಮೇಲೆ ಬರೆಯಹೋದರೆ ಅದನ್ನು ಕೋರ್ಟು ಬರೆಯಬೇಕಾಗುತ್ತದೆ.

ಎರಡೂ ಕೂಡಿ ಬಾಳುವುದು ಅಸಾಧ್ಯವೇನಲ್ಲ. 2023ರ ಜುಲೈ 4ರಂದು ಕಂಠೀರವದಲ್ಲಿ ಭಾರತದ ಫುಟ್‌ಬಾಲ್ ತಂಡ ಕುವೈತನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಪ್ರಶಸ್ತಿ ಪಡೆಯಿತು. ಎರಡು ವರ್ಷಗಳ ಅನಂತರ, 2025ರ ಜುಲೈ 5ರಂದು, ಅದೇ ಹುಲ್ಲಿನ ಮೇಲೆ ನೀರಜ್ ಚೋಪ್ರಾ ತಮ್ಮ ಹೆಸರಿನ ಕೂಟದಲ್ಲಿ 86.18 ಮೀಟರು ಭರ್ಜಿ ಎಸೆದು ಗೆದ್ದರು. ಆ ಕೂಟವನ್ನು ಅವರೊಡನೆ ಸೇರಿ ನಡೆಸಿದ್ದು ಫುಟ್‌ಬಾಲ್ ತಂಡವನ್ನು ಕಟ್ಟಿದ ಸಮೂಹದ ಕ್ರೀಡಾ ವಿಭಾಗವೇ. ಎಸೆತಗಾರರಿಗೆ ಎಡೆಯಿಲ್ಲವೆಂದು ದೂರು ಕೇಳಿಬಂದಿದ್ದ ನೆಲದಲ್ಲಿ ಭರ್ಜಿ ನಾಟಿ ನಿಂತಿತು. ಜಗತ್ಪ್ರಸಿದ್ಧರಿಗೆ ಆ ದಿನ ಬಯಲು ಬಿಟ್ಟುಕೊಟ್ಟದ್ದು ಸಂತೋಷವೇ. ಹೆಸರಿಲ್ಲದ ಹುಡುಗಿಯೊಬ್ಬಳು ಮರುದಿನ ಬೆಳಿಗ್ಗೆ ಬಂದಾಗಲೂ ಗೇಟು ತೆರೆದಿರಬೇಕು. ಬಯಲು ನಮ್ಮೆಲ್ಲರದು ಎಂಬ ಮಾತಿಗೆ ಅಷ್ಟೇ ಅರ್ಥ.